ಮೈಯೆಲ್ಲ ನೋವು, ವರದಿಗಳೆಲ್ಲ ನಾರ್ಮಲ್: ಫೈಬ್ರೊಮಯಾಲ್ಜಿಯಾ ಇರುವವರು ದಿನ ಹೇಗೆ ತಳ್ಳುತ್ತಿದ್ದೀರಿ?

ನಿಟ್ಟುವಳ್ಳಿ ಟೈಲರ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಬಹಳ ದಿನಗಳಿಂದ ಕುತ್ತಿಗೆ, ಭುಜ, ಸೊಂಟ, ತೊಡೆ ಎಲ್ಲ ಕಡೆಯೂ ನೋವು. ಒಂದು ಕಡೆ ನಿಲ್ಲುವುದೂ ಇಲ್ಲ. ಇವತ್ತು ಎಡಭುಜ ಎಂದರೆ ನಾಳೆ ಮಂಡಿಯ ಸುತ್ತಮುತ್ತ. ರಾತ್ರಿಯಿಡೀ ಮಲಗಿದ್ದರೂ ಬೆಳಿಗ್ಗೆ ಏಳುವಾಗ ಮಲಗುವ ಮುಂಚೆ ಇದ್ದುದಕ್ಕಿಂತ ಹೆಚ್ಚು ದಣಿವು. ಒದ್ದೆ ಬೆಡ್‌ಶೀಟ್ ಹಿಂಡಿದರೆ ಮಣಿಕಟ್ಟಿನಿಂದ ಕುತ್ತಿಗೆಯವರೆಗೆ ಎಳೆಯುತ್ತದೆ. ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡರೂ ಭಾರವೆನಿಸುವ ದಿನಗಳಿವೆ. ತೋಳಿನ ಅಳತೆ ತೆಗೆದು, ಪುಸ್ತಕದಲ್ಲಿ ಬರೆಯಲು ತಿರುಗುವಷ್ಟರಲ್ಲಿ ಮರೆತೇ ಹೋಗಿರುತ್ತದೆ.

ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಆಯಿತು. ಥೈರಾಯ್ಡ್ ಸರಿಯಾಗಿದೆ, ಇ.ಎಸ್.ಆರ್. ಸರಿಯಾಗಿದೆ, ಸಂಧಿವಾತದ ಪರೀಕ್ಷೆಯೂ ನೆಗೆಟಿವ್. ವಿಟಮಿನ್ ಡಿ ಮಾತ್ರ ಕಡಿಮೆ ಇತ್ತು, ಅದಕ್ಕೆ ಔಷಧಿ ಕೊಟ್ಟರು. ಕೊನೆಗೆ ಒಬ್ಬ ವೈದ್ಯರು ಫೈಬ್ರೊಮಯಾಲ್ಜಿಯಾ ಎಂದು ಹೇಳಿ ರಾತ್ರಿ ಮಾತ್ರ ತೆಗೆದುಕೊಳ್ಳಲು ಪ್ರಿಗ್ಯಾಬಲಿನ್ ಬರೆದಿದ್ದಾರೆ. ಗುಳಿಗೆ ಅರ್ಧ ಕೆಲಸ ಮಾಡುತ್ತದೆ, ಉಳಿದದ್ದು ನಿಮ್ಮ ದಿನಚರಿ ಎಂದರು. ಆದರೆ ದಿನಚರಿ ಎಂದರೆ ಏನು ಎಂದು ವಿವರಿಸಿ ಹೇಳುವಷ್ಟು ಪುರುಸೊತ್ತು ಅವರಿಗೆ ಇರಲಿಲ್ಲ, ಹೊರಗೆ ಸಾಲು ನಿಂತಿತ್ತು. ಅತ್ತೆ ಹರಳೆಣ್ಣೆ ಹಚ್ಚು ಎನ್ನುತ್ತಾರೆ, ಪಕ್ಕದ ಮನೆಯವರು ಕಷಾಯ ಎನ್ನುತ್ತಾರೆ, ಯಜಮಾನರು ಮಶೀನು ಮಾರಿಬಿಡು ಎನ್ನುತ್ತಾರೆ. ಅನುಭವ ಇರುವವರು ದಯವಿಟ್ಟು ಬರೆಯಿರಿ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ತಂಗಿ, ಮೊದಲು ಮಶೀನು ಮಾರಬೇಡ. ನಾನು ನಿವೃತ್ತ ಶಿಕ್ಷಕಿ, ಈ ಕಾಯಿಲೆಯ ಜೊತೆ ಬಹಳ ಕಾಲ ಸಂಸಾರ ಮಾಡಿದವಳು.

ನನ್ನ ಅನುಭವದಲ್ಲಿ ಎಣ್ಣೆ, ಕಷಾಯಗಳಿಗಿಂತ ದೊಡ್ಡ ವಿಷಯ ಒಂದಿದೆ. ನಮ್ಮಂಥವರು ಮೈ ಹಗುರಾದ ದಿನ ಮನೆಯ ಬಾಕಿ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಳ್ಳುತ್ತೇವೆ. ಅಟ್ಟ ಗುಡಿಸುವುದು, ಕಂಬಳಿ ಒಗೆಯುವುದು, ಹಪ್ಪಳ ಹಾಕುವುದು, ಎಲ್ಲವೂ ಅದೇ ದಿನ. ಮಾರನೆಯ ದಿನದಿಂದ ಹಾಸಿಗೆ. ಚೇತರಿಸಿಕೊಂಡ ಕೂಡಲೇ ಮತ್ತೆ ಅದೇ ಕಥೆ. ಇದನ್ನು ನಿಲ್ಲಿಸಿದ ಮೇಲೆಯೇ ನನಗೆ ನೆಲ ಸಿಕ್ಕಿದ್ದು. ಹಗುರಾದ ದಿನವೂ ಅಷ್ಟೇ ಕೆಲಸ, ಭಾರವಾದ ದಿನವೂ ಹೆಚ್ಚು ಕಡಿಮೆ ಅಷ್ಟೇ ಕೆಲಸ. ನೋವು ಬಂದ ಮೇಲೆ ನಿಲ್ಲಿಸುವುದಲ್ಲ, ಬರುವ ಮುಂಚೆಯೇ ಗಡಿಯಾರ ನೋಡಿ ಏಳುವುದು. ಹಬ್ಬದ ಹಿಂದಿನ ದಿನ ಇದನ್ನು ಪಾಲಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಹೋಳಿಗೆಯ ಕಣಕ ನಾದಲು ಈಗ ಮಗನನ್ನು ಕೂರಿಸುತ್ತೇನೆ, ಅವನ ಹೋಳಿಗೆ ದುಂಡಗಿರುವುದಿಲ್ಲ, ತಿನ್ನಲು ಏನೂ ತೊಂದರೆಯಿಲ್ಲ.

ಇನ್ನೊಂದು, ಚಳಿಗಾಳಿ. ನಮ್ಮ ದುರ್ಗದಲ್ಲಿ ಆಷಾಢದ ಗಾಳಿ ಹೇಗಿರುತ್ತದೆ ಎಂದರೆ ಗುಡ್ಡದ ಮೇಲೆ ಸುಮ್ಮನೆ ಗಾಳಿಯಂತ್ರ ನೆಟ್ಟಿಲ್ಲ. ಆ ಎರಡು ತಿಂಗಳು ಸಂಜೆ ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತದೆ ನಾನು ಹೊರಗೆ ಹೋಗುವುದಿಲ್ಲ.

ಚಳ್ಳಕೆರೆ ಎಣ್ಣೆ ಗಾಣ

ಅಕ್ಕ, ಮನೆಮದ್ದನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. ನಮ್ಮ ತಾಯಿಗೆ ಇದೇ ತರಹದ ನೋವು. ವಾರಕ್ಕೊಮ್ಮೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಲೆಯಿಂದ ಪಾದದವರೆಗೆ ಹಚ್ಚಿ, ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರಿನಲ್ಲಿ ಸ್ನಾನ. ಅಂದು ರಾತ್ರಿ ಅವರು ಮಗುವಿನ ಹಾಗೆ ಮಲಗುತ್ತಾರೆ. ನೋವು ಹೆಚ್ಚಿರುವ ದಿನ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು, ಹಳೆಯ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತೇವೆ. ರಾತ್ರಿ ಹಾಲಿಗೆ ಅರಿಸಿನ, ಒಂದೆರಡು ಮೆಣಸಿನ ಕಾಳು ಜಜ್ಜಿ ಹಾಕಿ ಕುಡಿಯುತ್ತಾರೆ. ಮೆಂತ್ಯ, ಶುಂಠಿ, ಅಶ್ವಗಂಧ ಎಲ್ಲ ನಡೆಯುತ್ತದೆ. ವಾಯು ಪದಾರ್ಥ ಪೂರ್ತಿ ಬಂದ್: ಆಲೂಗಡ್ಡೆ, ಬದನೆಕಾಯಿ, ಕಡಲೆಬೇಳೆ, ಅಲಸಂದೆ.

ಫಿಸಿಯೋ, ವಿದ್ಯಾನಗರ

ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಎಣ್ಣೆ ಗಾಣದ ಅಣ್ಣ ಹೇಳಿದ್ದರಲ್ಲಿ ಶಾಖ, ಬಿಸಿನೀರು, ಹಗುರವಾದ ನೀವುವಿಕೆ ಇವಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಬಿಸಿಗೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ನಿದ್ದೆ ಹತ್ತುತ್ತದೆ. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಎಂಬುದು ನಿಮ್ಮ ಇಷ್ಟ. ಗಟ್ಟಿಯಾಗಿ ತಿಕ್ಕಿಸಿಕೊಳ್ಳಬೇಡಿ, ಈ ಕಾಯಿಲೆಯಲ್ಲಿ ಒತ್ತಿದರೆ ಎರಡು ದಿನ ನೋವು ಜಾಸ್ತಿಯಾಗುವವರೇ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರು ಉಪ್ಪಿನ ಗಂಟನ್ನು ಕಾಲಿಗೆ ಇಡಲೇಬಾರದು. ಸುಟ್ಟದ್ದು ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ನಮ್ಮ ಹತ್ತಿರ ಬರುತ್ತಾರೆ.

ಅಡುಗೆಯ ಅರಿಸಿನದಿಂದ ತೊಂದರೆಯಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಅರಿಸಿನದ ಕ್ಯಾಪ್ಸೂಲ್‌ಗಳ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದಿರುವುದೂ ದಾಖಲಾಗಿದೆ. ಪ್ರಿಗ್ಯಾಬಲಿನ್ ಜೊತೆ ಸೇರಿದರೆ ಮಂಪರು ಹೆಚ್ಚು. ಗರ್ಭಿಣಿಯರಿಗಂತೂ ಬೇಡ.

ಇನ್ನು ಟೈಲರ್ ಮೇಡಂ ಕೇಳಿದ್ದಕ್ಕೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಫೈಬ್ರೊಮಯಾಲ್ಜಿಯಾಕ್ಕೆ ಬಲವಾಗಿ ಶಿಫಾರಸು ಮಾಡಿದ ಚಿಕಿತ್ಸೆ ಒಂದೇ ಒಂದು, ಅದು ವ್ಯಾಯಾಮ. ಪ್ರಿಗ್ಯಾಬಲಿನ್, ಡುಲೋಕ್ಸೆಟಿನ್, ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಎಲ್ಲವೂ ಅದರ ನಂತರದ ಸಾಲಿನಲ್ಲಿ ಬರುತ್ತವೆ. ಸ್ಟೀರಾಯ್ಡ್ ಮತ್ತು ಅಫೀಮು ವರ್ಗದ ಬಲವಾದ ನೋವಿನ ಗುಳಿಗೆ ಬೇಡವೆಂದೇ ಹೇಳಿದ್ದಾರೆ.

ಆದರೆ ವ್ಯಾಯಾಮ ಎಂದ ಕೂಡಲೇ ಜನ ಮೊದಲ ದಿನವೇ ಕುಂದವಾಡ ಕೆರೆಯನ್ನು ಪೂರ್ತಿ ಸುತ್ತಿ ಬರುತ್ತಾರೆ, ನಾಲ್ಕು ದಿನ ಏಳುವುದಿಲ್ಲ, ನಡಿಗೆ ನನಗೆ ಆಗಿಬರುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಐದು ನಿಮಿಷದಿಂದ ಆರಂಭಿಸಿ. ಮನೆಯ ಮುಂದಿನ ರಸ್ತೆಯಲ್ಲಿ, ಮಾತನಾಡಿಕೊಂಡು ಹೋಗುವಷ್ಟು ವೇಗದಲ್ಲಿ. ವಾರ ಕಳೆದ ಮೇಲೆ ಒಂದೆರಡು ನಿಮಿಷ ಸೇರಿಸಿ. ನಡೆದ ಮೇಲೆ ಸ್ವಲ್ಪ ನೋವು ಬರುತ್ತದೆ, ಹೆದರಬೇಡಿ. ಅದು ಎರಡು ದಿನವಾದರೂ ಇಳಿಯದಿದ್ದರೆ ನಿಮಿಷ ಕಡಿಮೆ ಮಾಡಿ, ಆದರೆ ನಿಲ್ಲಿಸಬೇಡಿ. ಇಪ್ಪತ್ತು, ಮೂವತ್ತು ನಿಮಿಷಕ್ಕೆ ಬರಲು ಕೆಲವು ತಿಂಗಳು ಹಿಡಿದರೂ ಸರಿಯೇ. ಆಮೇಲೆ ಸ್ನಾಯುಗಳಿಗೆ ಬಲ ಬರುವ ಸಣ್ಣ ವ್ಯಾಯಾಮ: ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈ ಕೊಟ್ಟು ಒತ್ತುವುದು. ನಿಧಾನ ಚಲನೆಯ ತೈ ಚಿ, ಏರೋಬಿಕ್ ವ್ಯಾಯಾಮಕ್ಕೆ ಸಮನಾಗಿ ಅಥವಾ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ ಎಂದು 2018ರ ಅಧ್ಯಯನವೊಂದು ತೋರಿಸಿತು. ನಮ್ಮ ಊರಿನಲ್ಲಿ ತೈ ಚಿ ಕಲಿಸುವವರು ಸಿಗುವುದು ಕಷ್ಟ. ನಿಧಾನಗತಿಯ ಯೋಗ ಮಾಡಿ, ಮೈ ಹಿಂಡುವ ಆಸನಗಳು ಬೇಡ.

ಮಂಡಿಪೇಟೆ ವ್ಯಾಪಾರಿ

ಯಾರೂ ಬೇಸರ ಮಾಡಿಕೊಳ್ಳಬಾರದು. ನಮ್ಮ ಅಜ್ಜಿ ರಾಗಿ ಬೀಸಿ, ಬಾವಿಯಿಂದ ನೀರು ಸೇದಿ, ಎಂಟು ಮಕ್ಕಳನ್ನು ಸಾಕಿದರು. ಅವರಿಗೆ ಈ ಕಾಯಿಲೆಯ ಹೆಸರೂ ಗೊತ್ತಿರಲಿಲ್ಲ. ಎಲ್ಲ ವರದಿ ನಾರ್ಮಲ್ ಎಂದ ಮೇಲೆ ಕಾಯಿಲೆ ಎಲ್ಲಿದೆ? ಇದು ಮನಸ್ಸಿನದು. ಕೆಲಸದಲ್ಲಿ ಮುಳುಗಿದರೆ ತಾನಾಗಿ ಹೋಗುತ್ತದೆ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ವ್ಯಾಪಾರಿಗಳೇ, ನಿಮ್ಮ ಅಜ್ಜಿಗೆ ನೋವಿತ್ತೋ ಇಲ್ಲವೋ ಎಂದು ಆ ಕಾಲದಲ್ಲಿ ಯಾರಾದರೂ ಕೇಳಿದ್ದರೇ? ನನ್ನ ಅಜ್ಜಿ ಪ್ರತಿ ರಾತ್ರಿ ಮೊಮ್ಮಕ್ಕಳನ್ನು ಬೆನ್ನ ಮೇಲೆ ನಿಲ್ಲಿಸಿ ತುಳಿಸಿಕೊಳ್ಳುತ್ತಿದ್ದರು. ನಾವು ಅದನ್ನು ಆಟ ಎಂದುಕೊಂಡಿದ್ದೆವು.

ಫಿಸಿಯೋ, ವಿದ್ಯಾನಗರ

ವ್ಯಾಪಾರಿ ಅಣ್ಣನ ಪ್ರಶ್ನೆ ತುಂಬಾ ಜನ ಕೇಳುವಂಥದ್ದು, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಈ ಕಾಯಿಲೆಯಲ್ಲಿ ಕೀಲು ಸವೆದಿರುವುದಿಲ್ಲ, ಸ್ನಾಯು ಹರಿದಿರುವುದಿಲ್ಲ. ಹಾಗಾಗಿ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಬದಲಾಗಿರುವುದು ನೋವಿನ ಸಂದೇಶವನ್ನು ಮಿದುಳು ಮತ್ತು ಬೆನ್ನುಹುರಿ ಸ್ವೀಕರಿಸುವ ರೀತಿ. 2002ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ ಮತ್ತು ಆರೋಗ್ಯವಂತರ ಹೆಬ್ಬೆರಳ ಉಗುರನ್ನು ಒತ್ತಿ, ಆ ಹೊತ್ತಿಗೆ ಮಿದುಳಿನಲ್ಲಿ ಏನಾಗುತ್ತದೆ ಎಂಬುದನ್ನು ಎಂ.ಆರ್.ಐ.ನಲ್ಲಿ ನೋಡಿದರು. ಆರೋಗ್ಯವಂತರಿಗೆ ಗಣನೆಗೇ ಬಾರದಷ್ಟು ಸಣ್ಣ ಒತ್ತಡಕ್ಕೆ ರೋಗಿಗಳ ಮಿದುಳಿನಲ್ಲಿ ನೋವಿಗೆ ಸಂಬಂಧಿಸಿದ ಭಾಗಗಳು ಎಚ್ಚೆತ್ತುಕೊಂಡವು. ಕಳ್ಳರಿಗೆಂದು ಹಾಕಿಸಿದ ಅಲಾರಂ ಬೆಕ್ಕು ಓಡಾಡಿದರೂ ಕೂಗತೊಡಗಿದರೆ, ಆ ಕೂಗು ಸುಳ್ಳೇ? ಕಳ್ಳ ಇಲ್ಲ ಎನ್ನುವುದು ನಿಜ, ಕೂಗು ಮನೆಯವರ ನಿದ್ದೆ ಕೆಡಿಸುವುದೂ ನಿಜ.

ಮೊದಲು ಮೈಯ 18 ಜಾಗಗಳನ್ನು ಬೆರಳಿನಿಂದ ಒತ್ತಿ, 11 ಕಡೆ ನೋವಾದರೆ ಈ ಕಾಯಿಲೆ ಎನ್ನುತ್ತಿದ್ದರು. ಅದು ಅಮೆರಿಕದ ಸಂಧಿವಾತ ತಜ್ಞರ 1990ರ ಮಾನದಂಡ. 2010ರಿಂದ ಅದನ್ನು ಬಿಟ್ಟು, ಮೈಯ ಎಷ್ಟು ಭಾಗಗಳಲ್ಲಿ ನೋವಿದೆ, ನಿದ್ದೆ ಹೇಗಿದೆ, ಸುಸ್ತು ಎಷ್ಟು, ಮರೆವು ಎಷ್ಟು ಎಂದು ಕೇಳಿ ಅಂಕ ಹಾಕುತ್ತಾರೆ. ಕನಿಷ್ಠ ಮೂರು ತಿಂಗಳಿಂದ ಇರಬೇಕು. ಟೈಲರ್ ಮೇಡಂ, ಅಳತೆ ಮರೆತುಹೋಗುವುದೂ ಈ ಪಟ್ಟಿಯಲ್ಲೇ ಇದೆ, ನಿಮಗೆ ಬೇರೇನೋ ಆಗಿದೆ ಎಂದು ಗಾಬರಿಯಾಗಬೇಡಿ.

ಜಗಳೂರು ಬೋರ್‌ವೆಲ್

ಒಂದು ಮಾತು ಸೇರಿಸುತ್ತೇನೆ. ಈ ಭಾಗದಲ್ಲಿ ಮೈಕೈ ನೋವು ಎಂದರೆ ನೀರನ್ನೂ ಅನುಮಾನಿಸಬೇಕು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗೆ ಸೇರಿಕೊಳ್ಳುತ್ತದೆ. ಶುರುವಿನಲ್ಲಿ ಬರೀ ಸೊಂಟ, ಕುತ್ತಿಗೆ, ಕೀಲುಗಳ ನೋವು, ಬಿಗಿತ. ಆಗ ಬೇರೆ ನೋವುಗಳಿಂದ ಬೇರ್ಪಡಿಸುವುದು ಕಷ್ಟ. ನಮ್ಮ ಚಿಕ್ಕಪ್ಪನಿಗೆ ಬಹಳ ಕಾಲ ವಾಯು ಎಂದೇ ಎಣ್ಣೆ ತಿಕ್ಕಿದರು. ಬಗ್ಗಿ ಚಪ್ಪಲಿ ಎತ್ತಿಕೊಳ್ಳಲು ಆಗದಂತಾದ ಮೇಲೆ ಎಕ್ಸ್‌ರೇ ತೆಗೆಸಿದಾಗ ಗೊತ್ತಾಯಿತು. ಹಳ್ಳಿಯಲ್ಲಿ ಹುಟ್ಟಿ ಬೆಳೆದವರು, ಹಲ್ಲಿನ ಮೇಲೆ ಕಂದು ಕಲೆ ಇರುವವರು ಇದನ್ನು ವೈದ್ಯರಿಗೆ ತಪ್ಪದೆ ಹೇಳಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಆರ್.ಒ. ಘಟಕದ ನೀರು ಕುಡಿಯಿರಿ.

ನಿಟ್ಟುವಳ್ಳಿ ಟೈಲರ್

ನನ್ನ ತವರು ಜಗಳೂರು ತಾಲ್ಲೂಕಿನ ಹಳ್ಳಿಯೇ! ಮದುವೆಯಾಗುವವರೆಗೂ ಕೈಪಂಪಿನ ನೀರು ಕುಡಿದವಳು. ಹಲ್ಲಿನಲ್ಲಿ ಕಲೆ ಇಲ್ಲ. ಆದರೂ ಮುಂದಿನ ಸಲ ಹೋದಾಗ ಎಕ್ಸ್‌ರೇಯನ್ನು ಆ ದೃಷ್ಟಿಯಿಂದ ಇನ್ನೊಮ್ಮೆ ನೋಡಿ ಎಂದು ಕೇಳುತ್ತೇನೆ. ಧನ್ಯವಾದ ಅಣ್ಣ.

ನೋವು ನಿವಾರಣೆ

ಮೂಲಿಕೆಯ ಪುಡಿ, ಅಡ್ಡಪರಿಣಾಮ ಇಲ್ಲವೇ ಇಲ್ಲ, ಮೂರೇ ದಿನದಲ್ಲಿ ನೋವು ಮಾಯ. ಕೊರಿಯರ್ ಮೂಲಕ ಕಳಿಸುತ್ತೇವೆ. ಸಂಪರ್ಕಿಸಿ: [ಸಂಖ್ಯೆಯನ್ನು ನಿರ್ವಾಹಕರು ಅಳಿಸಿದ್ದಾರೆ]

ನಿರ್ವಾಹಕ

ಮಾರಾಟಕ್ಕೆ ಇಲ್ಲಿ ಅವಕಾಶವಿಲ್ಲ. ಸಂದೇಶವನ್ನು ಪೂರ್ತಿ ತೆಗೆಯದೆ ಬಿಟ್ಟಿದ್ದೇನೆ, ಇಂಥವು ಹೇಗಿರುತ್ತವೆ ಎಂದು ಎಲ್ಲರಿಗೂ ತಿಳಿಯಲಿ. ಹೆಸರಿಲ್ಲದ, ಲೇಬಲ್ ಇಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವುದು ಹೊಸ ವಿಷಯವೇನಲ್ಲ. ಮೂರು ದಿನದಲ್ಲಿ ನೋವು ಹೋದರೆ ಸಂತೋಷಪಡುವ ಬದಲು ಅನುಮಾನಪಡಿ. ಮುಖ ದುಂಡಗಾಗುವುದು, ಸಕ್ಕರೆ ಏರುವುದು, ರಕ್ತದೊತ್ತಡ ಏರುವುದು ಆಮೇಲೆ ಬರುತ್ತವೆ. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಂಡವರು ದಿಢೀರನೆ ನಿಲ್ಲಿಸುವುದೂ ಅಪಾಯ. ಪುಡಿಯ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು ವೈದ್ಯರ ಬಳಿ ಹೋಗಿ.

ಹರಿಹರ ಸೇತುವೆ

ನಾನು ಗಂಡಸು, ನನಗೆ ನೋವಿಲ್ಲ, ಹೆಂಡತಿಗಿದೆ. ಒಂದು ಪ್ರಶ್ನೆ. ಅವಳಿಗೆ ಡುಲೋಕ್ಸೆಟಿನ್ ಕೊಟ್ಟಿದ್ದಾರೆ. ಔಷಧಿ ಅಂಗಡಿಯವನು ಇದು ಖಿನ್ನತೆಯ ಗುಳಿಗೆ ಎಂದುಬಿಟ್ಟ. ಅಂದಿನಿಂದ ಅವಳು ಮುಟ್ಟುತ್ತಿಲ್ಲ, ನನಗೇನು ಹುಚ್ಚೇ ಎಂದು ಅಳುತ್ತಾಳೆ. ಏನು ಹೇಳಲಿ?

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ತಮ್ಮಾ, ನಾನೂ ಅದನ್ನೇ ನುಂಗುವವಳು. ಮೊದಲು ಖಿನ್ನತೆಗೆಂದು ಬಂದ ಗುಳಿಗೆ ಅದು, ಆಮೇಲೆ ನರದ ನೋವಿಗೂ ಉಪಯೋಗವಾಗುತ್ತದೆ ಎಂದು ಗೊತ್ತಾಯಿತು. ಅಮೆರಿಕದಲ್ಲಿ ಫೈಬ್ರೊಮಯಾಲ್ಜಿಯಾಕ್ಕೆಂದೇ ಮೊದಲು ಪ್ರಿಗ್ಯಾಬಲಿನ್‌ಗೆ 2007ರಲ್ಲಿ, ಡುಲೋಕ್ಸೆಟಿನ್‌ಗೆ 2008ರಲ್ಲಿ ಒಪ್ಪಿಗೆ ಸಿಕ್ಕಿದೆ. ಇದನ್ನು ಅವಳಿಗೆ ಓದಿ ಹೇಳು. ಮೊದಲ ವಾರ ನನಗೆ ಹೊಟ್ಟೆ ತೊಳೆಸುತ್ತಿತ್ತು, ಊಟದ ಜೊತೆ ತೆಗೆದುಕೊಂಡ ಮೇಲೆ ಕಡಿಮೆಯಾಯಿತು. ಬೇಡವೆನಿಸಿದರೆ ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕು, ಒಮ್ಮೆಲೇ ಬಿಟ್ಟರೆ ತಲೆ ಸುತ್ತುತ್ತದೆ, ಸಿಡಿಮಿಡಿಯಾಗುತ್ತದೆ.

ಮತ್ತೆ ಮನಸ್ಸು ಕುಗ್ಗುವುದೂ ಉಂಟು, ಅದರಲ್ಲಿ ನಾಚಿಕೆಯೇನು? ದಿನವೂ ನೋಯುವವರು ನಗುತ್ತಲೇ ಇರಬೇಕೇ? ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಗಂಡನಾಗಿ ನೀನು ಮಾಡಬೇಕಾದ್ದು: ಒದ್ದೆ ಬಟ್ಟೆ ಹಿಂಡುವುದು, ತುಂಬಿದ ಕುಕ್ಕರ್ ಎತ್ತುವುದು, ಗ್ಯಾಸ್ ಸಿಲಿಂಡರ್ ಸರಿಸುವುದು. ಇವತ್ತು ಹೇಗಿದೆ ನೋವು ಎಂದು ದಿನಕ್ಕೆ ಹತ್ತು ಸಲ ಕೇಳಬೇಡ, ಮರೆತಿದ್ದ ನೋವೂ ನೆನಪಾಗುತ್ತದೆ.

ಎಂ.ಸಿ.ಸಿ. ಬಿ ಬ್ಲಾಕ್

ನಿದ್ದೆಯ ಬಗ್ಗೆ ಯಾರೂ ಸರಿಯಾಗಿ ಬರೆದಿಲ್ಲ. ನನ್ನ ಮಟ್ಟಿಗೆ ಎಲ್ಲದರ ಬುಡ ಅದೇ. ನಿದ್ದೆ ಕೆಟ್ಟ ರಾತ್ರಿಯ ಮರುದಿನ ನೋವು ಹೆಚ್ಚು, ನೋವು ಹೆಚ್ಚಾದ ದಿನದ ರಾತ್ರಿ ನಿದ್ದೆ ಇಲ್ಲ. ನಾನು ಬ್ಯಾಂಕಿನಲ್ಲಿದ್ದೇನೆ, ಸಂಜೆ ಐದೂವರೆಯ ಚಹಾ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕುಡಿದ ಕೆಫೀನಿನ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕಂತೆ. ಹಾಗಾದರೆ ರಾತ್ರಿ ಹತ್ತೂವರೆಗೂ ಅರ್ಧ ಲೋಟ ಚಹಾ ಒಳಗೆ ಕೂತಿರುತ್ತದೆ ಎಂದಾಯಿತು. ಈಗ ಮಧ್ಯಾಹ್ನದ ನಂತರ ಚಹಾ ಇಲ್ಲ. ಭಾನುವಾರವೂ ಅದೇ ಹೊತ್ತಿಗೆ ಏಳುತ್ತೇನೆ. ಮೊಬೈಲ್ ಅಡುಗೆಮನೆಯಲ್ಲಿ ಮಲಗುತ್ತದೆ, ನಾನು ಕೋಣೆಯಲ್ಲಿ.

ಗೊರಕೆ ಜಾಸ್ತಿ ಇರುವವರು, ರಾತ್ರಿ ಕಾಲು ಎಳೆಯುತ್ತದೆ, ಆಡಿಸದೆ ಇರಲಾಗುವುದಿಲ್ಲ ಎನ್ನುವವರು ಅದನ್ನೂ ವೈದ್ಯರಿಗೆ ತಿಳಿಸಿ. ನನ್ನ ಅಕ್ಕನಿಗೆ ಕಾಲು ಎಳೆತಕ್ಕೆ ಕಾರಣ ಕಬ್ಬಿಣದ ಕೊರತೆ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು, ಅದಕ್ಕೆ ಚಿಕಿತ್ಸೆ ಬೇರೆಯೇ.

ನಿಟ್ಟುವಳ್ಳಿ ಟೈಲರ್

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಇನ್ನೆರಡು ಸಂಶಯ. ನಾನು ಬಟ್ಟೆ ಕತ್ತರಿಸುವುದು ನೆಲದ ಮೇಲೆ, ಚಾಪೆ ಹಾಸಿಕೊಂಡು. ಮೇಜು ಮಾಡಿಸಿದರೆ ಎಷ್ಟು ಎತ್ತರ ಇರಬೇಕು? ಮದುವೆ ತಿಂಗಳಲ್ಲಿ ರಾತ್ರಿ ಹನ್ನೊಂದರವರೆಗೂ ಹೊಲಿಯಬೇಕಾಗುತ್ತದೆ, ಗಿರಾಕಿಗಳಿಗೆ ಇಲ್ಲ ಎನ್ನುವುದು ಹೇಗೆ?

ಫಿಸಿಯೋ, ವಿದ್ಯಾನಗರ

ಚಪ್ಪಲಿ ಹಾಕಿಕೊಂಡು ನೇರವಾಗಿ ನಿಲ್ಲಿ, ಮೊಣಕೈ ಮಡಿಸಿ. ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಮೇಜಿನ ಮೇಲ್ಭಾಗ ಬರಲಿ. ಬಡಗಿಗೆ ಇಂಚಿನ ಲೆಕ್ಕ ಹೇಳುವ ಬದಲು ನೀವೇ ಹೋಗಿ ನಿಂತು ಗುರುತು ಹಾಕಿಸಿ. ಕತ್ತರಿಗೆ ಸಾಣೆ ಹಿಡಿಸಿ, ಮೊಂಡು ಕತ್ತರಿಯಿಂದಲೇ ಅರ್ಧ ಭುಜದ ನೋವು ಬರುತ್ತದೆ. ಮಶೀನಿಗೆ ಮೋಟರ್ ಹಾಕಿಸಿದರೆ ಕಾಲಿಗೂ ಬಿಡುವು. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ, ಮೊಬೈಲಿನಲ್ಲಿ ಗಂಟೆ ಇಟ್ಟುಕೊಳ್ಳಿ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ಗಿರಾಕಿಗಳಿಗೆ ಇಲ್ಲ ಎನ್ನಬೇಡ, ತಾರೀಖು ಮುಂದೆ ಹಾಕು. ಒಳ್ಳೆಯ ಟೈಲರ್ ಹೇಳಿದ ದಿನಕ್ಕೆ ರವಿಕೆ ಕೊಡುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ನೀನು ಮೊದಲೇ ಹೇಳಿ ತಡಮಾಡಿದರೆ ಅದೇ ದೊಡ್ಡ ಮರ್ಯಾದೆ. ಕೈಹೊಲಿಗೆ, ಹುಕ್ಕು, ಕುಚ್ಚು ಇವನ್ನು ಓಣಿಯ ಹುಡುಗಿಯೊಬ್ಬಳಿಗೆ ಕೊಡು. ಅವಳಿಗೂ ನಾಲ್ಕು ಕಾಸು.

ಮಂಡಿಪೇಟೆ ವ್ಯಾಪಾರಿ

ಎಲ್ಲವನ್ನೂ ಓದಿದೆ. ಹೆಬ್ಬೆರಳಿನ ಪರೀಕ್ಷೆಯ ವಿಷಯ ನನಗೆ ಹೊಸದು. ಮನೆಯವಳಿಗೂ ಓದಲು ಕೊಟ್ಟೆ, ಅವಳು ಏನೂ ಹೇಳದೆ ಮೊಬೈಲ್ ವಾಪಸ್ ಕೊಟ್ಟಳು. ಆಮೇಲೆ ಅವಳಿಗೂ ಭುಜ ನೋಯುತ್ತದಂತೆ, ನಾನು ಬೈಯುತ್ತೇನೆಂದು ಹೇಳಿರಲಿಲ್ಲವಂತೆ. ಯಾವ ವೈದ್ಯರಿಗೆ ತೋರಿಸಬೇಕು?

ಫಿಸಿಯೋ, ವಿದ್ಯಾನಗರ

ಮೊದಲು ಸಾಮಾನ್ಯ ವೈದ್ಯರಿಗೆ, ಎಂದರೆ ಫಿಜಿಶಿಯನ್‌ಗೆ ತೋರಿಸಿ. ಥೈರಾಯ್ಡ್, ಸಕ್ಕರೆ, ವಿಟಮಿನ್ ಡಿ, ಬಿ12, ರಕ್ತಹೀನತೆ ಇವನ್ನು ಅವರು ನೋಡುತ್ತಾರೆ. ಕೀಲು ಊದಿದ್ದರೆ, ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಕೈಕಾಲು ಬಲ ಕಳೆದುಕೊಂಡಿದ್ದರೆ ತಡಮಾಡಬೇಡಿ, ಅದು ಈ ಕಾಯಿಲೆಯ ಲಕ್ಷಣವಲ್ಲ. ಒಂದೇ ಭುಜವಾದರೆ ಬಹುಶಃ ಬೇರೆಯೇ ತೊಂದರೆ ಇರುತ್ತದೆ. ನೀವೂ ಜೊತೆಗೆ ಹೋಗಿ.

ಹೊಸದುರ್ಗ ದಾಳಿಂಬೆ

ತಡವಾಗಿ ಬಂದೆ. ಮೇಲೆ ಅಣ್ಣ ಹೇಳಿದಂತೆ ಆಲೂಗಡ್ಡೆ, ಬದನೆಕಾಯಿ, ಬೇಳೆ ಎಲ್ಲ ಬಿಟ್ಟಿದ್ದೇನೆ. ಈಗ ತಿನ್ನಲು ಏನೂ ಉಳಿದಿಲ್ಲ, ನೋವು ಮಾತ್ರ ಇದ್ದಷ್ಟೇ ಇದೆ. ದಾವಣಗೆರೆಗೆ ಬಂದಾಗ ಮಿರ್ಚಿ ಮಂಡಕ್ಕಿಯನ್ನೂ ತಿನ್ನಬಾರದೇ?

ಫಿಸಿಯೋ, ವಿದ್ಯಾನಗರ

ಈ ಕಾಯಿಲೆಗೆ ಇಂಥದ್ದೇ ಪಥ್ಯ ಎಂದು ಗಟ್ಟಿಯಾಗಿ ಹೇಳುವಷ್ಟು ಆಧಾರ ಯಾವ ಆಹಾರಕ್ಕೂ ಇಲ್ಲ. ತೂಕ ಹೆಚ್ಚಿದ್ದರೆ ಇಳಿಸಿದಾಗ ನೋವು ಕಡಿಮೆಯಾಗಬಹುದು. ಯಾವುದಾದರೂ ಒಂದು ಪದಾರ್ಥದ ಮೇಲೆ ಅನುಮಾನ ಇದ್ದರೆ ಅದೊಂದನ್ನೇ ಎರಡು ಮೂರು ವಾರ ಬಿಟ್ಟು, ಮತ್ತೆ ತಿಂದು ನೋಡಿ. ವ್ಯತ್ಯಾಸ ಕಾಣದಿದ್ದರೆ ಧಾರಾಳವಾಗಿ ತಿನ್ನಿ. ಬೇಳೆಯನ್ನಂತೂ ನಾಳೆಯಿಂದಲೇ ಶುರುಮಾಡಿ, ಸಸ್ಯಾಹಾರಿಗಳು ಅದನ್ನೂ ಬಿಟ್ಟರೆ ಸ್ನಾಯುಗಳಿಗೆ ಪ್ರೋಟೀನ್ ಎಲ್ಲಿಂದ ಬರಬೇಕು?

ಮಿರ್ಚಿ ತಿನ್ನಿ. ಎದೆಯುರಿ ಇದ್ದರೆ ಒಂದು, ಇಲ್ಲದಿದ್ದರೆ ಎರಡು.

ಚಳ್ಳಕೆರೆ ಎಣ್ಣೆ ಗಾಣ

ಮಂಡಕ್ಕಿಗೆ ಶೇಂಗಾ ಎಣ್ಣೆ ಕಲಸಿದವರ ಅಂಗಡಿಯಲ್ಲೇ ತಿನ್ನಿ. ಬದನೆಕಾಯಿಯ ವಿಷಯ ಮಾತ್ರ ನಾನು ಇನ್ನೂ ಒಪ್ಪಿಲ್ಲ.